ಬಿತ್ತದ ಬೆಳೆಗೆ ಯಾರು ಹೊಣೆ?

ಕೃಷಿ ವಿಜ್ಞಾನದ ಪಠ್ಯಗಳು ಕಳೆಗೆ ಕೊಡುವ ವ್ಯಾಖ್ಯೆ ಬಹಳ ಸರಳ: ಬೇಡದ ಜಾಗದಲ್ಲಿ ಬೆಳೆದ ಗಿಡ. ಈ ವ್ಯಾಖ್ಯೆಯಲ್ಲಿ ಗಿಡದ ಗುಣದ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೆ ಮುಳ್ಳಿದೆಯೇ, ಅದು ವಿಷವೇ, ದನ ತಿನ್ನುತ್ತದೆಯೇ ಎಂಬುದು ಲೆಕ್ಕಕ್ಕಿಲ್ಲ. ಅದು ಎಲ್ಲಿ, ಯಾವಾಗ ನಿಂತಿದೆ ಎಂಬುದಷ್ಟೇ ಮುಖ್ಯ. ನಮ್ಮ ಕಡೆ ಶೇಂಗಾ ಕಿತ್ತ ಹೊಲದಲ್ಲಿ ಮುಂದೆ ಜೋಳ ಹಾಕಿದರೆ, ಮಣ್ಣಿನಲ್ಲಿ ಉಳಿದ ಕಾಯಿಗಳಿಂದ ಅಲ್ಲೊಂದು ಇಲ್ಲೊಂದು ಶೇಂಗಾ ಗಿಡ ಏಳುತ್ತದೆ. ಎಡೆ ಹೊಡೆಯುವಾಗ ಬೇರೆ ಕಳೆಯ ಜೊತೆ ಅದೂ ಹೋಗುತ್ತದೆ. ಹೋದ ವರ್ಷ ಮನೆ ನಡೆಸಿದ ಗಿಡ ಈ ವರ್ಷ ಕಳೆ.

ಹೀಗೆ ಯಾರೂ ಬಿತ್ತದೆ ತಾನೇ ಹುಟ್ಟುವ ಬೆಳೆಗಿಡಕ್ಕೆ ಇಂಗ್ಲಿಷಿನಲ್ಲಿ ‘ವಾಲಂಟಿಯರ್’ ಎನ್ನುತ್ತಾರೆ. ಅಂದರೆ ಸ್ವಯಂಸೇವಕ. ಕರೆಯದೆ ಬಂದವನಿಗೆ ಎಂಥ ಮರ್ಯಾದೆಯ ಹೆಸರು! ನಾನು ಪಿಎಚ್‌ಡಿಗಾಗಿ ಬೀಜದ ಒಡೆತನದ ಇತಿಹಾಸವನ್ನು ಓದುತ್ತಿದ್ದೇನೆ. ಪೇಟೆಂಟು, ಕಾಯ್ದೆ, ತೀರ್ಪುಗಳ ನಡುವೆ ಈ ಸ್ವಯಂಸೇವಕ ಗಿಡ ಮತ್ತೆ ಮತ್ತೆ ಅಡ್ಡ ಬಂತು. ಬಿತ್ತಿದ ಬೀಜ ಯಾರದ್ದು ಎಂಬ ಪ್ರಶ್ನೆಗೆ ಕಾನೂನು ಉದ್ದುದ್ದ ಉತ್ತರ ಕೊಟ್ಟಿದೆ. ಯಾರೂ ಬಿತ್ತದೆ ಹುಟ್ಟಿದ ಗಿಡ ಯಾರದ್ದು, ಅದನ್ನು ಕೀಳುವ ಖರ್ಚು ಯಾರದ್ದು ಎಂದು ಕೇಳಿದರೆ ಅದೇ ಕಾನೂನು ತಡವರಿಸುತ್ತದೆ. ಈ ತಡವರಿಕೆಯನ್ನು ಸ್ಪಷ್ಟವಾಗಿ ಕಾಣಬಹುದಾದ ಜಾಗ ಪಶ್ಚಿಮ ಕೆನಡಾದ ಬಯಲುಸೀಮೆ, ಬೆಳೆಯ ಹೆಸರು ಕನೋಲಾ.

ಬೆಳೆ ಮತ್ತು ಕಳೆಯ ನಡುವಿನ ಗೆರೆ ಎಂದೂ ಗಟ್ಟಿಯಾಗಿರಲಿಲ್ಲ. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ 20ನೇ ಶತಮಾನದ ಆರಂಭದಲ್ಲೇ ಇದನ್ನು ತೋರಿಸಿದ್ದ. ರೈ ಎಂಬ ಧಾನ್ಯ ಮೊದಲು ಗೋಧಿ ಹೊಲದ ಕಳೆಯಾಗಿತ್ತು. ಚಳಿ ಹೆಚ್ಚಿದ, ಮಣ್ಣು ಬಡವಾದ ಕಡೆ ಗೋಧಿ ಸೋತಿತು, ಕಳೆ ಉಳಿಯಿತು. ಕೊನೆಗೆ ರೈತರು ಆ ಕಳೆಯನ್ನೇ ಬೆಳೆ ಎಂದು ಒಪ್ಪಿಕೊಂಡರು. ಓಟ್ಸ್‌ ಕೂಡ ಅದೇ ದಾರಿಯಲ್ಲಿ ಬಂದದ್ದು. ಕಳೆ ಬೆಳೆಯಾಗಲು ಸಾವಿರಾರು ವರ್ಷ ಬೇಕಾಯಿತು. ಕನೋಲಾದ ಕಥೆಯಲ್ಲಿ ಪಯಣ ತಿರುಗುಮುರುಗು, ಬೆಳೆಯೇ ಕಳೆಯಾಯಿತು. ಅದಕ್ಕೆ ಹಿಡಿದದ್ದು ಮೂರೇ ವರ್ಷ.

ಕನೋಲಾ ನಮ್ಮ ಸಾಸಿವೆಯ ದಾಯಾದಿ. ಅದರ ಮೂಲ ರೇಪ್‌ಸೀಡ್ ಎಂಬ ಎಣ್ಣೆಕಾಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಉಗಿಯಂತ್ರಕ್ಕೆ ಹಾಕುವ ಎಣ್ಣೆಗಾಗಿ ಕೆನಡಾ ಇದನ್ನು ದೊಡ್ಡದಾಗಿ ಬೆಳೆಯಿತು. ಯುದ್ಧ ಮುಗಿದ ಮೇಲೆ ಅದನ್ನು ಊಟದ ಎಣ್ಣೆಯಾಗಿಸಲು ಎರಡು ಅಡ್ಡಿಗಳಿದ್ದವು: ಎಣ್ಣೆಯಲ್ಲಿದ್ದ ಎರೂಸಿಕ್ ಆಮ್ಲ ಮತ್ತು ಹಿಂಡಿಯನ್ನು ಘಾಟಾಗಿಸುತ್ತಿದ್ದ ಗ್ಲುಕೋಸಿನೊಲೇಟ್. ಮ್ಯಾನಿಟೋಬಾದ ಬಾಲ್ಡರ್ ಸ್ಟೆಫಾನ್ಸನ್ ಮತ್ತು ಸಾಸ್ಕಟೂನಿನ ಕೀತ್ ಡೌನಿ ವರ್ಷಗಟ್ಟಲೆ ಆಯ್ಕೆ, ಸಂಕರ ಮಾಡಿ ಎರಡನ್ನೂ ತಗ್ಗಿಸಿದರು. ಎರಡೂ ತಗ್ಗಿದ ಮೊದಲ ತಳಿ ‘ಟವರ್’ 1974ರಲ್ಲಿ ಬಂತು. ಕೆನಡಾದ ಹೆಸರನ್ನೇ ಹೊತ್ತ ‘ಕನೋಲಾ’ ಎಂಬ ಪದ 1978ರಲ್ಲಿ ನೋಂದಣಿಯಾಯಿತು. ಇಲ್ಲಿಯವರೆಗೆ ಇದು ಸರ್ಕಾರಿ ಸಂಶೋಧನಾ ಕೇಂದ್ರ ಮತ್ತು ವಿಶ್ವವಿದ್ಯಾಲಯದ ಕಥೆ. ಬೀಜ ಎತ್ತಿಟ್ಟು ಮರುವರ್ಷ ಬಿತ್ತುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ರೈತರಿಗಿದ್ದ ತಲೆನೋವು ಬೇರೆ. ಕನೋಲಾ ಹೊಲದಲ್ಲಿ ಏಳುವ ಕಾಡುಸಾಸಿವೆಯಂಥ ಕಳೆಗಳು ಕನೋಲಾದ ಒಡಹುಟ್ಟುಗಳೇ. ಅಣ್ಣನನ್ನು ಬಿಟ್ಟು ತಮ್ಮನನ್ನು ಮಾತ್ರ ಕೊಲ್ಲುವುದು ಸುಲಭವಿರಲಿಲ್ಲ. 1995-96ರಲ್ಲಿ ಇದಕ್ಕೆ ಒಟ್ಟೊಟ್ಟಿಗೇ ಮೂರು ಉತ್ತರಗಳು ಮಾರುಕಟ್ಟೆಗೆ ಬಂದವು. ಮಾನ್ಸಾಂಟೊ ಕಂಪನಿಯ ಕನೋಲಾ ಗ್ಲೈಫೋಸೇಟ್ ತಡೆಯುತ್ತಿತ್ತು. ಅದರೊಳಗೆ ಸೇರಿಸಿದ್ದ ವಂಶವಾಹಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಆಗ್ರಿವೋ ಕಂಪನಿಯದ್ದು ಗ್ಲುಫೋಸಿನೇಟ್ ತಡೆಯುತ್ತಿತ್ತು, ಅದೂ ಕುಲಾಂತರಿ. ಮೂರನೆಯದು ಇಮಿಡಾಜೊಲಿನೋನ್ ಗುಂಪಿನ ಔಷಧಿ ತಡೆಯುವಂಥದ್ದು, ಹೊರಗಿನ ವಂಶವಾಹಿ ಇಲ್ಲದೆ ರೂಪಾಂತರದಿಂದ ಪಡೆದದ್ದು. ಬಿತ್ತಿ, ಒಮ್ಮೆ ಸಿಂಪಡಿಸಿದರೆ ಹೊಲದಲ್ಲಿ ಕನೋಲಾ ಬಿಟ್ಟು ಉಳಿದದ್ದೆಲ್ಲ ಒಣಗುತ್ತಿತ್ತು. ರೈತರು ಇದನ್ನು ಮೆಚ್ಚಿದ್ದು ಸುಳ್ಳಲ್ಲ. ಉಳುಮೆ ಕಡಿಮೆಯಾಯಿತು, ಮಣ್ಣು ಗಾಳಿಗೆ ಹಾರುವುದು ತಗ್ಗಿತು. ಹತ್ತು ವರ್ಷ ಕಳೆಯುವ ಹೊತ್ತಿಗೆ ಅಲ್ಲಿನ ಕನೋಲಾ ಬಹುಮಟ್ಟಿಗೆ ಪೂರ್ತಿ ಈ ಮೂರು ಬಗೆಗಳದ್ದೇ ಆಗಿತ್ತು.

ಈಗ ಆಲ್ಬರ್ಟಾ ಪ್ರಾಂತ್ಯದ ಉತ್ತರಕ್ಕೆ ಬನ್ನಿ. ಸೆಕ್ಸ್‌ಸ್ಮಿತ್ ಎಂಬ ಊರಿನ ಬಳಿ ಒಬ್ಬ ರೈತ 1997ರಲ್ಲಿ ಈ ಮೂರೂ ಬಗೆಯ ಕನೋಲಾವನ್ನು ಅಕ್ಕಪಕ್ಕದ ಹೊಲಗಳಲ್ಲಿ ಬಿತ್ತಿದ್ದ. ಮರುವರ್ಷ ತಾನೇ ಹುಟ್ಟಿದ ಗಿಡಗಳಿಗೆ ಗ್ಲೈಫೋಸೇಟ್ ಹೊಡೆದ. ಕೆಲವು ಸಾಯಲಿಲ್ಲ. ಅವು ಎದ್ದದ್ದು ಗ್ಲೈಫೋಸೇಟ್ ತಡೆಯುವ ತಳಿಯನ್ನು ಬಿತ್ತಿರದ ಹೊಲದಲ್ಲಿ. ಲಿಂಡಾ ಹಾಲ್ ಮತ್ತು ಸಂಗಡಿಗರು ಆ ಗಿಡಗಳ ಬೀಜ ತಂದು ಬೆಳೆಸಿ ಪರೀಕ್ಷಿಸಿದರು. ಕೆಲವು ಎರಡು ಔಷಧಿಗಳನ್ನು ತಡೆದವು, ಕೆಲವು ಮೂರನ್ನೂ ತಡೆದವು. ಮೂರು ಔಷಧಿ ತಡೆಯುವ ಕನೋಲಾವನ್ನು ಯಾವ ಕಂಪನಿಯೂ ತಯಾರಿಸಿರಲಿಲ್ಲ. ಗಾಳಿ, ಜೇನು, ಪರಾಗ ಸೇರಿ ಎರಡು ಬೇಸಿಗೆಯಲ್ಲಿ ಆ ಕೆಲಸ ಮುಗಿಸಿದ್ದವು. 2000ದಲ್ಲಿ ಪ್ರಕಟವಾದ ಆ ಪ್ರಬಂಧ ಇಂದಿಗೂ ಈ ವಿಷಯದ ಮೊದಲ ಪುಟ.

ಪರಾಗದಿಂದ ಇಂಥ ಗಿಡ ಹುಟ್ಟಿದ್ದು ಒಂದು ಮಾತಾದರೆ, ಹುಟ್ಟಿದ್ದು ಹೋಗದೆ ಉಳಿದದ್ದು ಇನ್ನೊಂದು. ಎಳ್ಳು ಸಿಡಿಯುವುದನ್ನು ನೋಡಿದವರಿಗೆ ಕನೋಲಾದ ಗುಣ ಬೇಗ ಅರ್ಥವಾದೀತು. ಬಲಿತ ಕಾಯಿ ಮುಟ್ಟಿದರೆ ಬಿರಿಯುತ್ತದೆ, ಸಾಸಿವೆಯಂಥ ಸಣ್ಣ ಕಾಳು ಚೆಲ್ಲುತ್ತದೆ. ಸಾಸ್ಕಾಚೆವಾನಿನ ಹೊಲಗಳಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕೊಯ್ಲಿನ ಹೊತ್ತಿಗೆ ಸರಾಸರಿ ಶೇಕಡ 5.9ರಷ್ಟು ಇಳುವರಿ ನೆಲಕ್ಕೆ ಬೀಳುತ್ತಿತ್ತು. ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 3,000 ಜೀವಂತ ಕಾಳು, ರೈತ ಬಿತ್ತುವ ಪ್ರಮಾಣದ ಸುಮಾರು 20 ಪಟ್ಟು. ಬಿತ್ತನೆಯ ದಿನ ಕಾಳು ಕಾಳಿಗೂ ಲೆಕ್ಕವಿಡುವ ರೈತ ಕೊಯ್ಲಿನ ದಿನ ಅದರ ಇಪ್ಪತ್ತು ಪಾಲನ್ನು ತಿಳಿಯದೆ ಬಿತ್ತಿ ಮನೆಗೆ ಹೋಗುತ್ತಾನೆ.

ಬಿದ್ದ ಕಾಳಿನ ಹೆಚ್ಚು ಪಾಲು ಮೊದಲ ಚಳಿಗಾಲ ದಾಟುವುದಿಲ್ಲ. ಕೆಲವು ಮೊಳೆತು ಹಿಮಕ್ಕೆ ಸಾಯುತ್ತವೆ, ಕೆಲವನ್ನು ಹುಳ ತಿನ್ನುತ್ತದೆ. ಆದರೆ ಕನೋಲಾಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ತಾಯಿಗಿಡದಿಂದ ಬಿದ್ದಾಗ ಅದು ನಿದ್ರಿಸುವ ಬೀಜವಲ್ಲ, ನೀರು ಸಿಕ್ಕರೆ ಕೂಡಲೇ ಮೊಳೆಯುತ್ತದೆ. ಆದರೆ ಒಣ ಮಣ್ಣಿನಲ್ಲಿ, ಕತ್ತಲಲ್ಲಿ ಹೂತುಹೋದರೆ ನಿದ್ರೆಯನ್ನು ಕಲಿಯುತ್ತದೆ. ಹಾಗೆ ಕಲಿತ ಬೀಜ ವರ್ಷಗಳ ನಂತರವೂ ಏಳಬಲ್ಲದು. ಸ್ವೀಡನ್ನಿನ ಒಂದು ಹೊಲದಲ್ಲಿ 1995ರಲ್ಲಿ ಕುಲಾಂತರಿ ರೇಪ್‌ಸೀಡಿನ ಪ್ರಯೋಗ ನಡೆದಿತ್ತು. ಪ್ರಯೋಗ ಮುಗಿದ ಮೇಲೆ ತಾನೇ ಹುಟ್ಟಿದ ಗಿಡಗಳನ್ನು ಹುಡುಕಿ ನಾಶ ಮಾಡಿದ್ದರು. ಹತ್ತು ವರ್ಷದ ನಂತರ ಆ ಹೊಲದಲ್ಲಿ ಕುಲಾಂತರಿ ಗಿಡಗಳು ಮತ್ತೆ ಸಿಕ್ಕವು.

ಹಾಗಾದರೆ ಮಾಡುವುದೇನು? ಉತ್ತರಗಳು ದುಬಾರಿ ಯಂತ್ರದ ಮಾತಲ್ಲ, ಬಹುಪಾಲು ಹಳೆಯ ಬೇಸಾಯದ ವಿವೇಕವೇ. ಕೊಯ್ಲಾದ ಕೂಡಲೇ ಉಳಬೇಡಿ, ಬೀಜವನ್ನು ಮಣ್ಣಿನ ಮೇಲೆಯೇ ಬಿಡಿ, ಹೂತರೆ ನಿದ್ರಿಸುತ್ತದೆ ಎಂದರು ವಿಜ್ಞಾನಿಗಳು. ಕಾಯಿ ತೀರ ಬಿರಿಯುವ ಮುನ್ನ ಕೊಯ್ಯಿರಿ, ಕೊಯ್ಲು ಯಂತ್ರವನ್ನು ನಿಧಾನ ಓಡಿಸಿ, ಹೊಲದಿಂದ ಹೊಲಕ್ಕೆ ಹೋಗುವ ಮುನ್ನ ತೊಳೆಯಿರಿ. ಒಂದೇ ಹೊಲಕ್ಕೆ ವರ್ಷ ಬಿಟ್ಟು ವರ್ಷ ಕನೋಲಾ ತರಬೇಡಿ. ಯಾವ ವರ್ಷ ಯಾವ ಹೊಲದಲ್ಲಿ ಯಾವ ತಳಿ ಎಂದು ಬರೆದಿಡಿ. ಪಕ್ಕದ ಹೊಲದವರು ಏನು ಬಿತ್ತಿದ್ದಾರೆ ಎಂದು ಕೇಳಿ. ಮತ್ತು ಬಿತ್ತನೆಗೆ ಮುನ್ನ ಗ್ಲೈಫೋಸೇಟ್ ಹೊಡೆಯುವಾಗ ಅದರ ಜೊತೆ 2,4-ಡಿ ಅಥವಾ ಎಂಸಿಪಿಎ ಸೇರಿಸಿ.

ಈ ಕೊನೆಯ ಸಲಹೆಯಲ್ಲಿ ಇತಿಹಾಸದ ಒಂದು ಕುಹಕವಿದೆ. 2,4-ಡಿ ಎರಡನೇ ಮಹಾಯುದ್ಧದ ಕಾಲದಲ್ಲಿ ಕಂಡುಹಿಡಿದ ಔಷಧಿ. ಹಳೆಯ ವಿಷಗಳ ಕಾಲ ಮುಗಿಯಿತು, ಇನ್ನು ಒಂದೇ ಔಷಧಿ ಸಾಕು ಎಂದು ಬಂದ ಬೀಜ, ತನ್ನದೇ ಉದುರಿದ ಮಕ್ಕಳನ್ನು ಕೊಲ್ಲಲು ಆ ಹಳೆಯ ವಿಷವನ್ನೇ ವಾಪಸು ಕರೆಸಿತು. ನ್ಯಾಯವಾಗಿ ಹೇಳುವುದಾದರೆ ಇದರಲ್ಲಿ ಪ್ರಳಯವೇನೂ ಇರಲಿಲ್ಲ. ಮೂರು ಔಷಧಿ ತಡೆದ ಗಿಡವೂ 2,4-ಡಿಗೆ ಸತ್ತಿತು. ಪತ್ರಿಕೆಗಳು ಹೆದರಿಸಿದ ‘ಮಹಾಕಳೆ’ ಅದಲ್ಲ. ಗೋಧಿ, ಬಾರ್ಲಿ ಬೆಳೆದ ವರ್ಷ ಬಹುತೇಕ ರೈತರಿಗೆ ಅದು ಎಕರೆಗೆ ಒಂದಿಷ್ಟು ಹೆಚ್ಚುವರಿ ಖರ್ಚು, ಅಷ್ಟೆ. ಆದರೆ ಆ ಖರ್ಚು ಎಲ್ಲರಿಗೂ ಒಂದೇ ರೀತಿ ಬೀಳಲಿಲ್ಲ. 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಮುಂದೆ ಮ್ಯಾನಿಟೋಬಾದಲ್ಲಿ ಗ್ಲೈಫೋಸೇಟ್ ತಡೆಯುವ ಸೋಯಾ ಹಬ್ಬಿದಾಗ, ಅದರ ನಡುವೆ ಎದ್ದ ಕನೋಲಾವನ್ನು ಗ್ಲೈಫೋಸೇಟೂ ಕೊಲ್ಲುವುದಿಲ್ಲ, ಸೋಯಾ ಸಾಯುತ್ತದೆಂದು 2,4-ಡಿಯನ್ನೂ ಹೊಡೆಯುವಂತಿಲ್ಲ ಎಂಬಂತಾಯಿತು. ಇನ್ನು ಯಾವ ರಾಸಾಯನಿಕವನ್ನೂ ಬಳಸದ ಸಾವಯವ ರೈತನಿಗೆ ಈ ಸಲಹೆಯಿಂದ ಏನೂ ಪ್ರಯೋಜನವಿರಲಿಲ್ಲ.

ಎಚ್ಚರದಿಂದಿದ್ದರೆ ಸಾಕೇ? ಅದೂ ಇಲ್ಲ. 2003ರಲ್ಲಿ ಮ್ಯಾನಿಟೋಬಾದ ಸಂಶೋಧಕರು 27 ಪ್ರಮಾಣಿತ ಬೀಜದ ರಾಶಿಗಳನ್ನು ಪರೀಕ್ಷಿಸಿದರು. 14 ರಾಶಿಗಳು ಶೇಕಡ 99.75ರ ಶುದ್ಧತೆಯ ಮಟ್ಟ ಮುಟ್ಟಲಿಲ್ಲ. ಹೊಸ ಚೀಲ ಬಿಚ್ಚಿ ಬಿತ್ತಿದವನ ಹೊಲಕ್ಕೂ ಬೇರೆಯ ವಂಶವಾಹಿ ಚೀಲದೊಳಗಿಂದಲೇ ಬರಬಹುದಿತ್ತು.

ಇಲ್ಲಿಂದ ಕಥೆ ನ್ಯಾಯಾಲಯಕ್ಕೆ ಹೋಗುತ್ತದೆ. ಸಾಸ್ಕಾಚೆವಾನಿನ ಬ್ರೂನೊ ಎಂಬ ಊರಿನ ರೈತ ಪರ್ಸಿ ಶ್ಮೈಸರ್ ತನ್ನ ಬೀಜವನ್ನು ತಾನೇ ಎತ್ತಿಟ್ಟುಕೊಳ್ಳುವವನು. ಮಾನ್ಸಾಂಟೊ ಬೀಜವನ್ನು ಆತ ಕೊಂಡಿರಲಿಲ್ಲ. 1997ರಲ್ಲಿ ರಸ್ತೆ ಬದಿಯ ವಿದ್ಯುತ್ ಕಂಬಗಳ ಸುತ್ತ ಗ್ಲೈಫೋಸೇಟ್ ಹೊಡೆದಾಗ ಕನೋಲಾ ಗಿಡಗಳು ಸಾಯದೆ ಉಳಿದದ್ದನ್ನು ಕಂಡ. ಪಕ್ಕದ ಮೂರು-ನಾಲ್ಕು ಎಕರೆಗೂ ಹೊಡೆದು ನೋಡಿದ. ಸುಮಾರು ಶೇಕಡ 60ರಷ್ಟು ಗಿಡಗಳು ಉಳಿದವು. ಆ ಭಾಗದ ಬೀಜವನ್ನು ಎತ್ತಿಟ್ಟು 1998ರಲ್ಲಿ ಸುಮಾರು 1,030 ಎಕರೆಗೆ ಬಿತ್ತಿದ. ಕಂಪನಿ ಪೇಟೆಂಟು ಉಲ್ಲಂಘನೆಯ ಮೊಕದ್ದಮೆ ಹೂಡಿತು. 2004ರ ಮೇ 21ರಂದು ಕೆನಡಾದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಕಂಪನಿಯ ಪರ ತೀರ್ಪು ಕೊಟ್ಟಿತು. ಗಿಡಕ್ಕೆ ಪೇಟೆಂಟಿಲ್ಲ ನಿಜ, ಆದರೆ ಪೇಟೆಂಟಿರುವ ವಂಶವಾಹಿ ಮತ್ತು ಜೀವಕೋಶ ಗಿಡದೊಳಗಿದೆ, ಗಿಡವನ್ನು ಬೆಳೆದರೆ ಅದನ್ನು ಬಳಸಿದಂತೆ ಎಂಬುದು ವಾದ. ಆ ಗುಣದಿಂದ ಶ್ಮೈಸರ್‌ಗೆ ಹೆಚ್ಚಿನ ಲಾಭ ಬಂದಿಲ್ಲವಾದ್ದರಿಂದ ಕಂಪನಿಗೆ ಹಣ ಕೊಡಬೇಕಿಲ್ಲ ಎಂದೂ ಕೋರ್ಟು ಹೇಳಿತು.

ಈ ಮೊಕದ್ದಮೆಯನ್ನು ಜಗತ್ತಿನಾದ್ಯಂತ ದಾವೀದ ಮತ್ತು ಗೋಲಿಯಾತನ ಕಥೆಯಾಗಿ ಹೇಳಿದ್ದಾರೆ, 2020ರಲ್ಲಿ ಸಿನಿಮಾವೂ ಬಂತು. ತೀರ್ಪನ್ನು ಓದಿದರೆ ಅದು ಅಷ್ಟು ಸರಳವಿಲ್ಲ. ಮೊದಲ ಗಿಡಗಳು ಹೊಲಕ್ಕೆ ಹೇಗೆ ಬಂದವು ಎಂಬುದನ್ನು ನ್ಯಾಯಾಲಯ ಮುಖ್ಯವೆಂದು ಎಣಿಸಲಿಲ್ಲ. ಗೊತ್ತಿದ್ದೂ ಆ ಬೀಜವನ್ನು ಎತ್ತಿಟ್ಟು ಬಿತ್ತಿದ್ದು ಮುಖ್ಯವಾಯಿತು. ಶ್ಮೈಸರ್ ಏನೂ ಅರಿಯದ ಮುಗ್ಧನಾಗಿರಲಿಲ್ಲ. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಆ ತೀರ್ಪು ಒಂದೇ ಅಲ್ಲ, ಅದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು.

ಸಾಸ್ಕಾಚೆವಾನಿನ ಸಾವಯವ ರೈತರು 2002ರಲ್ಲಿ ಎರಡು ಬೀಜ ಕಂಪನಿಗಳ ಮೇಲೆ ಸಾಮೂಹಿಕ ದಾವೆ ಹೂಡಿದ್ದರು. ಕುಲಾಂತರಿ ಕನೋಲಾ ಎಲ್ಲೆಡೆ ಹರಡಿ ನಾವು ಸಾವಯವ ಕನೋಲಾ ಬೆಳೆಯಲಾಗದಂತಾಗಿದೆ, ನಷ್ಟ ತುಂಬಿಕೊಡಿ ಎಂಬುದು ಅವರ ಬೇಡಿಕೆ. ಸಾಮೂಹಿಕ ದಾವೆಯಾಗಿ ನಡೆಸಲು 2005ರಲ್ಲಿ ಪ್ರಾಂತ್ಯದ ನ್ಯಾಯಾಲಯ ಒಪ್ಪಲಿಲ್ಲ. ಬೀಜವನ್ನು ಮಾರುಕಟ್ಟೆಗೆ ಬಿಟ್ಟ ಮಾತ್ರಕ್ಕೆ ಕಂಪನಿ ನೆರೆಹೊಲಕ್ಕೆ ಉಪದ್ರವ ಮಾಡಿದಂತಾಗದು ಎಂಬುದು ಅದರ ನಿಲುವು. 2007ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೇಳಲು ನಿರಾಕರಿಸಿತು.

ಎರಡನ್ನೂ ಒಟ್ಟಿಗೆ ಓದಿ ನೋಡಿ. ವಂಶವಾಹಿ ನಿನ್ನ ಹೊಲಕ್ಕೆ ತಾನಾಗಿ ಬಂದಿದ್ದರೂ, ಅದನ್ನು ಎತ್ತಿಟ್ಟು ಬೆಳೆದರೆ ಅದು ಕಂಪನಿಯ ಸೊತ್ತು. ಅದೇ ವಂಶವಾಹಿ ನಿನ್ನ ಹೊಲ ಕೆಡಿಸಿದರೆ ಅದು ಕಂಪನಿಯದ್ದಲ್ಲ, ಗಾಳಿಯದ್ದು, ಜೇನಿನದ್ದು, ಹೆಚ್ಚೆಂದರೆ ನೆರೆಯವನದ್ದು. ಬೆಳೆಯಾದಾಗ ಒಡೆಯನುಂಟು, ಕಳೆಯಾದಾಗ ಇಲ್ಲ. ಇದು ಯಾರೋ ಕೂತು ಹೆಣೆದ ಸಂಚು ಎಂದು ನನಗನ್ನಿಸುವುದಿಲ್ಲ. ಪೇಟೆಂಟು ಕಾಯ್ದೆ ಒಂದು ಕಡೆ, ಉಪದ್ರವದ ಕಾನೂನು ಇನ್ನೊಂದು ಕಡೆ, ಎರಡೂ ತಮ್ಮ ತಮ್ಮ ತರ್ಕದಲ್ಲಿ ಸರಿಯಾಗಿಯೇ ನಡೆದವು. ನಡುವೆ ಬಿಟ್ಟ ಸಂದಿನಲ್ಲಿ ರೈತ ಕಳೆ ಕೀಳುತ್ತ ನಿಂತ.

ಒಂದು ಸಣ್ಣ ಅಪವಾದವುಂಟು, ಅದೂ ಶ್ಮೈಸರ್‌ನದ್ದೇ. 2005ರಲ್ಲಿ ಆತನ ಹೊಲದಲ್ಲಿ ಮತ್ತೆ ಗ್ಲೈಫೋಸೇಟ್ ತಡೆಯುವ ಕನೋಲಾ ಎದ್ದಿತು. ಈ ಬಾರಿ ಆತ ಗಿಡಗಳನ್ನು ಕೀಳಿಸಿ ಕಂಪನಿಗೆ ಬಿಲ್ಲು ಕಳಿಸಿದ. 2008ರ ಮಾರ್ಚಿನಲ್ಲಿ ಕಂಪನಿ ಅದನ್ನು ಕೊಟ್ಟಿತು: 660 ಡಾಲರ್. ಮೊತ್ತ ಪುಡಿಕಾಸು. ಆದರೆ ಬಿತ್ತದ ಬೆಳೆಯ ಕಳೆ ಕಿತ್ತ ಕೂಲಿಯನ್ನು ಬೀಜದ ಒಡೆಯ ಕೊಟ್ಟನೆಂಬುದು ಇತಿಹಾಸದಲ್ಲಿ ದಾಖಲಾಯಿತು. ಅದು ತೀರ್ಪಲ್ಲ, ರಾಜಿ. ಹಾಗಾಗಿ ಬೇರೆ ಯಾರಿಗೂ ಅದು ಆಧಾರವಾಗಲಿಲ್ಲ.

ಇದೇ ಅವಧಿಯಲ್ಲಿ ಕೆನಡಾದ ರೈತರು ಇನ್ನೊಂದು ಬಗೆಯ ನಿರ್ವಹಣೆಯನ್ನೂ ಮಾಡಿದರು. ಮಾನ್ಸಾಂಟೊ ಗ್ಲೈಫೋಸೇಟ್ ತಡೆಯುವ ಗೋಧಿಯನ್ನು ಸಿದ್ಧಪಡಿಸಿತ್ತು. ಕುಲಾಂತರಿ ಗೋಧಿಯನ್ನು ಹೊರದೇಶಗಳು ಕೊಳ್ಳಲಾರವು ಎಂಬ ಭಯ ಕೆನಡಾದ ಗೋಧಿ ಮಂಡಳಿಗಿತ್ತು. ಅದರ ಜೊತೆಗೆ ಮ್ಯಾನಿಟೋಬಾದ ಕಳೆ ವಿಜ್ಞಾನಿಗಳು ಕನೋಲಾದ ಪಾಠವನ್ನು ಮುಂದಿಟ್ಟರು. ಉಳುಮೆಯಿಲ್ಲದ ಬೇಸಾಯ ನಿಂತಿರುವುದೇ ಬಿತ್ತನೆಗೆ ಮುಂಚಿನ ಒಂದು ಗ್ಲೈಫೋಸೇಟ್ ಸಿಂಪಡಣೆಯ ಮೇಲೆ. ಕನೋಲಾದ ಜೊತೆ ಗೋಧಿಯೂ ಅದಕ್ಕೆ ಸಾಯದಾದರೆ ಆ ಬೇಸಾಯವೇ ಕುಸಿಯುತ್ತದೆ ಎಂದರು. 2004ರ ಮೇ ತಿಂಗಳಲ್ಲಿ, ಶ್ಮೈಸರ್ ತೀರ್ಪು ಬಂದ ಅದೇ ತಿಂಗಳಲ್ಲಿ, ಕಂಪನಿ ಆ ಗೋಧಿಯನ್ನು ಕೈಬಿಟ್ಟಿತು. ತಾನೇ ಹುಟ್ಟುವ ಗಿಡವನ್ನು ಹತೋಟಿಯಲ್ಲಿಡುವ ಅತಿ ಅಗ್ಗದ ದಾರಿ, ಬಿತ್ತುವ ಮುನ್ನ ಯೋಚಿಸುವುದು.

ಹೊಲದ ಬದುವಿಗೆ ಈ ಕಥೆ ನಿಲ್ಲುವುದಿಲ್ಲ. ಅಮೆರಿಕದ ನಾರ್ತ್ ಡಕೋಟಾದಲ್ಲಿ 2010ರಲ್ಲಿ ರಸ್ತೆ ಬದಿಯ ಕನೋಲಾ ಗಿಡಗಳನ್ನು ಆರಿಸಿ ನೋಡಿದಾಗ ಸುಮಾರು ಶೇಕಡ 80ರಷ್ಟರಲ್ಲಿ ಕುಲಾಂತರಿ ವಂಶವಾಹಿ ಇತ್ತು. ಅವುಗಳಲ್ಲಿ ಎರಡು ಗಿಡಗಳಲ್ಲಿ ಎರಡೂ ಬಗೆಯ ವಂಶವಾಹಿ ಕೂಡಿದ್ದವು. ಜಪಾನ್ ಕುಲಾಂತರಿ ಕನೋಲಾ ಬೆಳೆಯುವುದೇ ಇಲ್ಲ, ಕಾಳನ್ನು ಕೆನಡಾದಿಂದ ತರಿಸುತ್ತದೆ. ಕಾಶಿಮಾ, ಯೊಕ್ಕಾಯಿಚಿ ಬಂದರುಗಳಿಂದ ಹೊರಟ ಲಾರಿಗಳಿಂದ ಉದುರಿದ ಕಾಳು ರಸ್ತೆ ಬದಿಯಲ್ಲಿ ಗಿಡವಾಯಿತು. ಅಲ್ಲಿ ಊರವರೇ ಸೇರಿ ವರ್ಷ ವರ್ಷವೂ ಆ ಗಿಡಗಳನ್ನು ಕೀಳುತ್ತಾರೆ. ಗಿಡವೂ ಸ್ವಯಂಸೇವಕ, ಕೀಳುವವರೂ ಸ್ವಯಂಸೇವಕರು.

ಸೆಕ್ಸ್‌ಸ್ಮಿತ್‌ನ ಹೊಲದಲ್ಲಿ ಗಿಡ ಸಾಯದೆ ನಿಂತ 1998, ನಮ್ಮ ರೈತ ಚಳವಳಿಗೂ ನೆನಪಿರುವ ವರ್ಷ. ಆ ವರ್ಷದ ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಿತು. ಆಗ ಎಲ್ಲರ ಬಾಯಲ್ಲಿದ್ದ ಪದ ‘ಟರ್ಮಿನೇಟರ್’, ಎತ್ತಿಟ್ಟರೂ ಮೊಳೆಯದ ಬೀಜ. ಅದರ ಪೇಟೆಂಟು ಅದೇ ವರ್ಷದ ಮಾರ್ಚಿನಲ್ಲಿ ಅಮೆರಿಕದಲ್ಲಿ ಸಿಕ್ಕಿತ್ತು. ಪ್ರಯೋಗದ ಹತ್ತಿ ಟರ್ಮಿನೇಟರ್ ಆಗಿರಲಿಲ್ಲ, ಆದರೆ ಭಯ ಸುಳ್ಳಾಗಿರಲಿಲ್ಲ. ನಾವು ಮೊಳೆಯದ ಬೀಜಕ್ಕೆ ಹೆದರುತ್ತಿದ್ದ ಅದೇ ವರ್ಷ ಆಲ್ಬರ್ಟಾದಲ್ಲಿ ಒಬ್ಬ ರೈತ ಮೊಳೆಯುವುದನ್ನು ನಿಲ್ಲಿಸದ ಬೀಜದ ಮುಂದೆ ನಿಂತಿದ್ದ. ಆ ಭಯ ನಮ್ಮ ಕಾಯ್ದೆಯಲ್ಲೂ ಉಳಿದಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಟರ್ಮಿನೇಟರ್ ತಂತ್ರಜ್ಞಾನದ ತಳಿಗಳಿಗೆ ನೋಂದಣಿ ನಿರಾಕರಿಸುತ್ತದೆ. ಬೀಜ ಎತ್ತಿಟ್ಟುಕೊಳ್ಳುವ ಹಕ್ಕನ್ನು ರೈತರಿಗೆ ಕೊಡುತ್ತದೆ. ಅರಿಯದೆ ತಳಿಹಕ್ಕು ಉಲ್ಲಂಘಿಸಿದ ರೈತನಿಗೆ ರಕ್ಷಣೆಯನ್ನೂ ಕೊಡುತ್ತದೆ. ಶ್ಮೈಸರ್‌ಗೆ ಇಲ್ಲದಿದ್ದ ನೆಲೆ ಇಲ್ಲಿ ಒಂದಿಷ್ಟಾದರೂ ಇದೆ.

ಆದರೆ ಅದು ಅರ್ಧ ಪ್ರಶ್ನೆಗೆ ಉತ್ತರ. 2022ರ ಅಕ್ಟೋಬರಿನಲ್ಲಿ ನಮ್ಮಲ್ಲಿ ಪರಿಸರ ಬಿಡುಗಡೆಗೆ ಅನುಮತಿ ಪಡೆದ ಡಿಎಂಎಚ್-11 ಸಾಸಿವೆಯಲ್ಲಿ ಗ್ಲುಫೋಸಿನೇಟ್ ತಡೆಯುವ ವಂಶವಾಹಿ ಇದೆ. ಅದು ಹೈಬ್ರಿಡ್ ಬೀಜ ತಯಾರಿಕೆಗೆ ಮಾತ್ರ, ರೈತರ ಹೊಲದಲ್ಲಿ ಆ ಔಷಧಿ ಹೊಡೆಯುವಂತಿಲ್ಲ ಎಂಬ ಷರತ್ತಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್, ಈ ಅನುಮತಿಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು ಎಂಬಲ್ಲಿ ಇಬ್ಬರೂ ಒಂದಾದರು. ಅಂಥ ನೀತಿ ಬರೆಯುವವರು ಇಳುವರಿಯ ಲೆಕ್ಕ ಹಾಕುತ್ತಾರೆ, ಆರೋಗ್ಯದ ಲೆಕ್ಕ ಹಾಕುತ್ತಾರೆ. ಚದರ ಮೀಟರಿಗೆ 3,000 ಕಾಳಿನ ಲೆಕ್ಕವೂ ಅದರಲ್ಲಿ ಸೇರಬೇಕು. ಬೀಜದ ಮೇಲೆ ಹಕ್ಕು ಬರೆಯುವ ಪುಟದಲ್ಲೇ, ಆ ಬೀಜ ಕಳೆಯಾದ ದಿನ ಕೂಲಿ ಕೊಡುವವರು ಯಾರು ಎಂಬ ಸಾಲನ್ನೂ ಬರೆಯಬೇಕು. ಬೆಳೆ ತನ್ನದೆಂದವನು ಕಳೆಯೂ ತನ್ನದೆನ್ನಬೇಕು.